ಅಪ್ಪನ ಎತ್ತರ

ಮಗಳ ಅಪ್ಪನಿಗೆ,

ನಿನ್ನ ಹೆಸರು ಬರೆಯಲು ಕೈಗೆ ಹೇಸಿಗೆ. ಇವತ್ತು ವೃತ್ತಿಪರ ಬಾಸ್ಕೆಟ್‌ಬಾಲ್ ತಂಡದವರು ಮಗಳನ್ನು ನೋಡಲು ಬಂದಿದ್ದರು. ಹತ್ತು ವರ್ಷ ಬೆಳಗಿನ ಐದಕ್ಕೆದ್ದು ಅವಳು ಚೆಂಡು ಎಸೆದದ್ದನ್ನು ಯಾರೂ ಕೇಳಲಿಲ್ಲ. ದನ ಕೊಳ್ಳುವವರ ಹಾಗೆ ಕೈಕಾಲು ಅಳೆದರು. ಆಮೇಲೆ ಕೋಚ್ ನನ್ನತ್ತ ತಿರುಗಿದ.

"ಇನ್ನೂ ಎಷ್ಟು ಬೆಳೀತಾಳೋ ನೋಡ್ಬೇಕಲ್ಲಮ್ಮ. ಇವಳಪ್ಪ ಎಷ್ಟು ಎತ್ತರ ಇದ್ರು?"

"ಆರಡಿ ಮೂರಿಂಚು," ಎಂದೆ. ಇಷ್ಟು ವರ್ಷವಾದರೂ ಮರೆತಿರಲಿಲ್ಲ, ನಾಲಿಗೆ ತಡವರಿಸಲೂ ಇಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಹಾಗಾದ್ರೆ ತಗೋತೀವಿ," ಎಂದ.

ಮೂರು ವರ್ಷದ ಕೂಸನ್ನು ಬಿಟ್ಟು ಎದ್ದುಹೋದವನ ಎತ್ತರಕ್ಕೆ ಕೆಲಸ ಸಿಕ್ಕಿತು.

ನಿನ್ನ ತಲೆಗೆ ಪೆಟ್ಟಾಗದಿರಲೆಂದು ಅಡುಗೆಮನೆಯ ಬಾಗಿಲಿನ ಮೇಲ್ಪಟ್ಟಿಗೆ ಸುತ್ತಿದ್ದ ಬಟ್ಟೆಯನ್ನು ನಾನಿನ್ನೂ ಬಿಚ್ಚಿಲ್ಲ. ಮಗಳಿಗೋಸ್ಕರ ಎಂದು ಎಲ್ಲರಿಗೂ ಹೇಳುತ್ತೇನೆ. ಅವಳ ತಲೆ ಅಲ್ಲಿಗೆ ಮುಟ್ಟಿದ್ದು ಹೋದ ವರ್ಷವಷ್ಟೇ.