ಗಂಡಿನ ಮನೆಗಲ್ಲದ ಫೋಟೋಗಳು

ತಂಗಿ ಶಿವರುದ್ರೀ,

ನೀನು ತೀರಿಕೊಂಡು ವರ್ಷವಾದರೂ ನಿನಗೆ ಹೇಳದೆ ಇರಲಾಗುತ್ತಿಲ್ಲ. ಇವತ್ತು ನಿನ್ನ ಮಗಳು ಇಂಪನಾ ನನ್ನನ್ನು ತುಮಕೂರಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದಳು. ಅವಳು ಮಾಡೆಲ್ ಆಗಬೇಕಂತೆ. ತೆಗೆಸಿದ್ದ ರಾಶಿ ಫೋಟೋಗಳಲ್ಲಿ ಒಳ್ಳೆಯವು ಕೆಲವನ್ನಷ್ಟೇ ಏಜೆನ್ಸಿಗೆ ಕಳಿಸಬೇಕು. "ದೊಡ್ಡಮ್ಮ, ನೀನೇ ಆರ್ಸು" ಅಂದಳು.

ಸೀರೆಯುಟ್ಟು, ತಲೆ ಬಗ್ಗಿಸಿ ನಿಂತವನ್ನೇ ಹುಡುಕಿ ಹುಡುಕಿ ಎತ್ತಿಟ್ಟೆ. ಹುಡುಗಿ ಬಿದ್ದು ಬಿದ್ದು ನಕ್ಕಳು.

"ಏನ್ ದೊಡ್ಡಮ್ಮ, ನನ್ನನ್ನ ಗುಬ್ಬಿ ಊರಿನ ಗಂಡಿಗೆ ತೋರಿಸ್ತಿದೀಯಾ? ಎಲ್ಲಾ ಒಂದೇ ಥರ ಅವೆ! ಒಂದ್ರಲ್ಲಿ ನಡೀತಿರ್ಬೇಕು, ಒಂದ್ರಲ್ಲಿ ಮೇಕಪ್ ಇಲ್ದೆ ಬರೀ ಮುಖ ಕಾಣ್ಬೇಕು."

ನಿನ್ನ ಫೋಟೋ ಕಡಬದ ಗಂಡಿನ ಮನೆಗೆ ಕಳಿಸುವಾಗಲೂ ನಾನು ಹೀಗೇ ಆರಿಸಿದ್ದೆ.

ಕೊನೆಗೆ ಬರೀ ಮುಖದವು ಎರಡು ಉಳಿದವು. ಒಂದರಲ್ಲಿ ನಗುತ್ತಿದ್ದಾಳೆ, ಇನ್ನೊಂದರಲ್ಲಿ ನೆಟ್ಟಗೆ ದಿಟ್ಟಿಸುತ್ತಿದ್ದಾಳೆ. ಎರಡನ್ನೂ ನನ್ನ ಮುಂದೆ ಹಿಡಿದು, "ಅಮ್ಮ ಇದ್ದಿದ್ರೆ ಯಾವ್ದು ಅಂತಿದ್ಲು?" ಎಂದು ಕೇಳಿದಳು.

ನಾಳೆ ಹೇಳ್ತೀನಿ ಅಂತ ಎರಡನ್ನೂ ಮನೆಗೆ ತಂದೆ ಕಣೇ. ಇದು ಬೇಕಾ, ಅದು ಬೇಕಾ ಅಂತ ನಿನ್ನನ್ನು ನಾವ್ಯಾರೂ ಒಮ್ಮೆಯೂ ಕೇಳಿರಲಿಲ್ಲವಲ್ಲ.

ಎರಡೂ ಫೋಟೋ ಈಗ ನನ್ನ ಮುಂದಿವೆ. ನಾಳೆ ಅವಳಿಗೆ ಹೇಳಬೇಕು. ಯಾವುದು ತಂಗೀ?