ಮಲಗೌಡನ ಮನೆಯ ಭಂಡಾರ

ಪ್ರೀತಿಯ ಅಣ್ಣಾ,

ಪ್ರೀತಿಯ ಎಂದು ಬರೆದೆ, ಹಾಗೇ ಇರಲಿ. ನೀನು ಹೋದೆ, ನಿನ್ನ ಮೇಲಿನ ಗುಮಾನಿ ಹೋಗಲಿಲ್ಲ.

ಪ್ರತಿ ಸಲ ಲೋಕಲ್ ಬೋರ್ಡಿನ ಚುನಾವಣೆ ಬಂದಾಗ ಗಾಡಿ ಹೂಡುತ್ತಿದ್ದವನು ನಾನು. ಮಮದಾಪುರದಿಂದ ಮೂಡಲಗಿಯವರೆಗೆ ಊರೂರು ತಿರುಗಿ, ಚಾವಡಿ ಕಟ್ಟೆಯ ಮೇಲೆ ನಿಂತು ನಿನಗಾಗಿ ಗಂಟಲು ಹರಿದುಕೊಂಡವನೂ ನಾನೇ. ನೀನು ಹಿರಿಯರ ಕೈಗೆ ಭಂಡಾರ ಮುಟ್ಟಿಸಿ ಆಣೆ ಮಾಡಿಸುತ್ತಿದ್ದೆ. ದೇವಿಯ ಅರಿಶಿನ ಮುಟ್ಟಿ ಕೊಟ್ಟ ಮಾತನ್ನು ನಮ್ಮ ಕಡೆ ಯಾರು ತಪ್ಪುತ್ತಾರೆ? ಗೆದ್ದೆ, ಗೆಲ್ಲುತ್ತಲೇ ಹೋದೆ. ಮೀಸೆ ನೆರೆತರೂ ನಿನ್ನ ಕುರ್ಚಿ ಅಲುಗಲಿಲ್ಲ.

ಆದರೆ ಆ ಮಲಗೌಡ? ಪ್ರತಿ ಸಲವೂ ನಿನ್ನ ಎದುರು ನಿಂತು ಸೋಲುತ್ತಿದ್ದವನ ಮನೆಗೆ ಚುನಾವಣೆಯ ಮುಂಚಿನ ವಾರ ನೀನೊಬ್ಬನೇ ಹೋಗುತ್ತಿದ್ದೆ. ನಾನು ಹೊರಗೆ ಎತ್ತುಗಳ ಬಳಿ ಕಾಯಬೇಕು. ತಿರುಗಿ ಬಂದಾಗ ನಿನ್ನ ಬೆರಳುಗಳು ಹಳದಿಯಾಗಿರುತ್ತಿದ್ದವು. "ಒಳಗ ಏನ್ ಆಣಿ ಆತೋ ಅಣ್ಣಾ?" ಅಂದರೆ, "ನೀ ಎತ್ತ ನೋಡ್ಕೊ" ಅನ್ನುತ್ತಿದ್ದೆ. ಸೋತವನ ಊರಿನ ರಸ್ತೆಗೇ ಮೊದಲು ಜಲ್ಲಿ ಖಡಿ ಬೀಳುತ್ತಿತ್ತು. ನಮ್ಮೂರ ರಸ್ತೆಯಲ್ಲಿ ಗಾಡಿಯ ಗಾಲಿ ಹೂತು... ಇರಲಿ, ನಿನಗೆ ಗೊತ್ತಿಲ್ಲದ್ದೇನಲ್ಲ.

ಒಮ್ಮೆ ಊಟಕ್ಕೆ ಕೂತಾಗ, ನಾನೂ ಚುನಾವಣೆಗೆ ನಿಲ್ಲುತ್ತೇನೆ ಅಂದಿದ್ದೆ. ನೀನು ನಕ್ಕೆ. "ಹುಚ್ಚ ಅದೀಯೇನೋ? ನಿನ್ನ ಮಾತ ಯಾರ್ ಕೇಳ್ತಾರ?" ಅತ್ತಿಗೆಯ ಎದುರಿಗೇ ಅಂದೆ. ಅರ್ಧ ರೊಟ್ಟಿ ಬಿಟ್ಟು ಎದ್ದಿದ್ದೆ, ನೆನಪಿದೆಯೇ?

ನಿನ್ನನ್ನು ಮಣ್ಣು ಮಾಡಿದ ದಿನ ಮಲಗೌಡ ನನ್ನನ್ನು ಪಕ್ಕಕ್ಕೆ ಕರೆದ. "ತಮ್ಮಾ, ನಿನ್ನ ನಾ ಇಲೆಕ್ಷನ್ನಿಗೆ ನಿಲ್ಲಸಬಾರದು ಅಂತ ನಿಮ್ಮಣ್ಣ ಪ್ರತಿ ಸಲ ನನ್ನ ಕೈಲೆ ಭಂಡಾರ ಮುಟ್ಟಸ್ತಿದ್ದ. ಅದಕ್ಕ ನಮ್ಮೂರ ರಸ್ತಾ ಆಗ್ತಿತ್ತು. ‘ಜನ ನನ್ನ ತಮ್ಮನ ಮಾತ ಕೇಳ್ತಾರ, ಅಂವ ನಿಂತರ ನಾವಿಬ್ರೂ ಮನೀ ದಾರಿ ಹಿಡಿಯೂದ’ ಅಂತಿದ್ದ."

ನಿಜ ಹೇಳಿದನೋ, ನಮ್ಮ ಮನೆ ಒಡೆಯಲು ಹೇಳಿದನೋ? ಅವನನ್ನು ಹೇಗೆ ನಂಬಲಿ? ಮುಂದಿನ ವಾರವೇ ಮನೆಗೆ ಬಂದು, "ನೀ ನಿಲ್ಲು, ಬೆನ್ನಿಗೆ ನಾ ಅದೀನಿ" ಎಂದು ಭಂಡಾರದ ಚೀಲ ಬಿಚ್ಚಿದ. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ.

ಅಣ್ಣಾ, ನಿನ್ನೆ ಗೋಕಾಕಕ್ಕೆ ಹೋಗಿ ಚುನಾವಣೆಗೆ ನನ್ನ ಹೆಸರು ಕೊಟ್ಟು ಬಂದೆ, ಯಾರ ಆಣೆಯೂ ಇಲ್ಲದೆ. ಗೌಡ ಹೇಳಿದ್ದು ಸುಳ್ಳಾಗಲಿ ಎಂದು ಒಮ್ಮೆ ಬೇಡಿಕೊಳ್ಳುತ್ತೇನೆ, ನಿಜವಾಗಲಿ ಎಂದು ಇನ್ನೊಮ್ಮೆ. ನಿಜವಾದರೆ, ನನ್ನ ಮಾತನ್ನು ಜನ ಕೇಳುತ್ತಾರೆ ಎಂದು ನಂಬಿದ್ದವನು ನೀನೊಬ್ಬನೇ. ಅದನ್ನು ಎದುರಾಳಿಗೆ ಹೇಳಿದೆ, ನನಗೆ ಹೇಳದೆ ಹೋದೆ.

ನಿನ್ನ ತಮ್ಮ