ಹುಣಸೆಮರ ಇಲ್ಲ ಎಂದು ಒತ್ತಿದವಳು

ಮನಾಗುವಾ, ಭಾನುವಾರ ಬೆಳಿಗ್ಗೆ

ಮೂರು ಬೀದಿಯಾಚೆ ಮುನಿಸಿಕೊಂಡು ಕೂತಿರುವ ನನ್ನ ತಮ್ಮ ಎವೇಲಿಯೊಗೆ,

ನಿನ್ನ ಅಕ್ಕ ಎರ್ಲಿಂಡಾ ಬರೆಯುತ್ತಿದ್ದೇನೆ. ಈ ಕಾಗದವನ್ನು ನೂಬಿಯಾಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಹೆಂಡತಿ ಕೊಟ್ಟಿದ್ದನ್ನು ಓದದೆ ಹರಿದುಹಾಕುವಷ್ಟು ಧೈರ್ಯ ನಿನಗಿಲ್ಲ ಎಂಬುದು ನನಗೆ ಗೊತ್ತು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಬಾಗಿಲಿಗೆ ಬಂದರೆ ಹಿತ್ತಲಿಗೆ ಹೋಗಿ ಕೋಳಿಗಳನ್ನು ಮಾತಾಡಿಸುತ್ತ ನಿಲ್ಲುತ್ತೀಯ. ಐದು ವಾರವಾಯಿತು, ತಮ್ಮ. ಕೋಳಿಗಳಿಗೂ ನಿನ್ನ ಮಾತು ಸಾಕಾಗಿರಬೇಕು.

ನೀನು ಬೆಳಗಿನ ನಡಿಗೆಯನ್ನೂ ಬಿಟ್ಟಿದ್ದೀಯ ಎಂದು ನೂಬಿಯಾ ಹೇಳಿದಳು. ಪಾದ ಊದಿಕೊಂಡಿದೆಯಂತೆ. ನನ್ನ ಮೇಲಿನ ಸಿಟ್ಟನ್ನು ನಿನ್ನ ಕಾಲುಗಳ ಮೇಲೆ ತೀರಿಸಿಕೊಳ್ಳುತ್ತಿದ್ದೀಯಲ್ಲ, ಅದಕ್ಕೇ ಬರೆಯಲು ಕೂತೆ.

ಇಷ್ಟು ವಯಸ್ಸಾದ ಅಕ್ಕ ತಮ್ಮ ಒಂದು ಆಟಕ್ಕಾಗಿ ಮಾತು ಬಿಟ್ಟಿದ್ದಾರೆ ಎಂದರೆ ಯಾರಾದರೂ ನಗುತ್ತಾರೆ. ನಿನಗೆ ಸಕ್ಕರೆ ಕಾಯಿಲೆ ಬಂದು, ದಿನಕ್ಕೆ ಒಂದು ಗಂಟೆ ನಡೆಯಲೇಬೇಕು ಎಂದು ಡಾಕ್ಟರು ಹೇಳಿದಾಗ ನಿನ್ನ ಮಗಳು ನಮ್ಮಿಬ್ಬರ ಫೋನಿಗೂ ಅದನ್ನು ಹಾಕಿಕೊಟ್ಟಳು. ಫೋನಿನ ನಕ್ಷೆಯಲ್ಲಿ ಚರ್ಚು, ಪ್ರತಿಮೆ, ಗೋಡೆಚಿತ್ರ, ಬೇಸ್‌ಬಾಲ್ ಮೈದಾನ, ಎಲ್ಲವೂ ಒಂದೊಂದು ನಿಲ್ದಾಣ. ಅಲ್ಲಿಯವರೆಗೆ ಕಾಲೆಳೆದುಕೊಂಡು ಹೋದವರಿಗೆ ಮಾತ್ರ ಏನಾದರೂ ಸಿಗುತ್ತದೆ. ಮೊದಲ ದಿನ ನೀನು ಗೊಣಗಿದ್ದೇ ಗೊಣಗಿದ್ದು. ಮೂರನೇ ವಾರಕ್ಕೆ ನಾನು ಕಾಫಿ ಕುಡಿದು ಮುಗಿಸುವ ಮೊದಲೇ ನೀನು ಬಂದು ಬಾಗಿಲು ಬಡಿಯುತ್ತಿದ್ದೆ.

ಆಡಿ ಆಡಿ ಆಟದ ಮೇಲಿನ ಹಂತಕ್ಕೇರಿದ ಮೇಲೆ ಬೇರೆಯವರು ಸೂಚಿಸಿದ ಹೊಸ ನಿಲ್ದಾಣಗಳನ್ನು ಪರಿಶೀಲಿಸುವ ಕೆಲಸವೂ ನಮಗೆ ಬಂತು. ನನ್ನ ಅಡುಗೆಮನೆಯ ಮೇಜಿನ ಆಚೆ ನೀನು, ಈಚೆ ನಾನು. ಒಂದು ಚಿತ್ರ, ನಾಲ್ಕು ಸಾಲು ವಿವರಣೆ, ನಕ್ಷೆಯಲ್ಲೊಂದು ಚುಕ್ಕಿ. ಇದು ನೋಡತಕ್ಕ ಜಾಗವೇ, ಜನ ಅಲ್ಲಿಗೆ ಹೋಗಬಹುದೇ, ಹೇಳಿದ ಕಡೆ ಅದು ನಿಜವಾಗಿ ಇದೆಯೇ. ನೆನಪಿದೆಯಾ, ಯಾವನೋ ತನ್ನ ಅತ್ತೆಯ ತೂಗುಮಂಚದ ಚಿತ್ರ ಹಾಕಿ ‘ಸೋಮಾರಿತನದ ಸ್ಮಾರಕ’ ಎಂದು ಬರೆದಿದ್ದ. ನೀನು ಅದಕ್ಕೂ ಹೌದು ಒತ್ತಲು ಹೊರಟಿದ್ದೆ. ನಿನಗೆ ಯಾರಿಗೂ ಇಲ್ಲ ಎನ್ನಲು ಬರುವುದಿಲ್ಲ. ಬಸ್ಸು ಓಡಿಸುವಾಗಲೂ ಹಾಗೆಯೇ, ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲಿಸಿದವನು ನೀನು. ನಾನು ನಲವತ್ತು ವರ್ಷ ಶಾಲಾ ಸಮವಸ್ತ್ರ ಹೊಲಿದವಳು. ಹೊಲಿಗೆ ಅರ್ಧ ಬೆರಳು ಓರೆಯಾದರೂ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಹಾಗೆಯೇ ಪರಿಶೀಲಿಸಿದೆ. ಅದರ ಹೆಮ್ಮೆಯೂ ನನಗಿತ್ತು, ಸುಳ್ಳೇಕೆ ಹೇಳಲಿ.

ಆ ಗುರುವಾರ ನೀನು ಬಂದಿರಲಿಲ್ಲ. ಒಬ್ಬಳೇ ಕೂತು ನೋಡುತ್ತಿದ್ದಾಗ ಒಂದು ಚಿತ್ರ ಬಂತು: ನಮ್ಮ ಮೂಲೆ. ವಿದ್ಯುತ್ ಕಂಬ, ಮಲಗಿದ ನಾಯಿ, ಒಂದಿಷ್ಟು ಕೆಸರು. ಹೆಸರು ‘ಹುಣಸೆಮರ’. ಸೂಚಿಸಿದವರ ಹೆಸರು ನಮಗೆ ತೋರಿಸುವುದಿಲ್ಲ. ಆದರೆ ವಿವರಣೆಯಲ್ಲಿ, ಊರೆಲ್ಲ ಕುಸಿದ ಭೂಕಂಪದ ಡಿಸೆಂಬರಿನಲ್ಲಿ ಹನ್ನೊಂದು ರಾತ್ರಿ ಒಂದು ಕುಟುಂಬ ಈ ಮರದ ಕೆಳಗೆ ಮಲಗಿತ್ತು, ತಾಯಿ ಅದರ ಹಣ್ಣು ಕಿವುಚಿ ಪಾನಕ ಮಾಡಿ ಬೀದಿಯವರಿಗೆಲ್ಲ ಕೊಟ್ಟಳು ಎಂದಿತ್ತು. ಅದು ನಮ್ಮಮ್ಮ. ಬರೆದವನು ನೀನು. ಓದಿ ಕಣ್ಣೊರೆಸಿಕೊಂಡೆ.

ಆಮೇಲೆ ಪ್ರಶ್ನೆ ಬಂತು: ಹೇಳಿದ ವಸ್ತು ಆ ಜಾಗದಲ್ಲಿ ಇದೆಯೇ? ರಸ್ತೆ ಅಗಲ ಮಾಡಿದ ವರ್ಷ ಆ ಮರ ಕಡಿದರು, ಅದಾಗಿಯೇ ಮೂವತ್ತು ವರ್ಷವಾಯಿತು. ಇಲ್ಲ ಎಂದು ಒತ್ತಿ ಮುಂದಿನ ಚಿತ್ರಕ್ಕೆ ಹೋದೆ. ಅದು ಲೆಯೋನ್ ಊರಿನ ಕಡೆಯ ಒಂದು ಕಾರಂಜಿ. ಅದಕ್ಕೆ ಹೌದು ಒತ್ತಿದೆ.

ವಾರ ಕಳೆದು ನಿನಗೆ ತಿರಸ್ಕಾರದ ಸಂದೇಶ ಬಂತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ನಿನಗೆ ಗೊತ್ತೇ ಆಗುತ್ತಿರಲಿಲ್ಲ. ನಾನಾಗಿಯೇ ಹೇಳಿದೆ, ಇಲ್ಲ ಎಂದವರಲ್ಲಿ ನಾನೂ ಒಬ್ಬಳು ಅಂತ. ನೀನು ಕಪ್ಪು ಕೆಳಗಿಟ್ಟು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

“ಮರ ಇಲ್ಲ ಅಂತ ಒತ್ತಿದ್ಯಲ್ಲ ಅಕ್ಕ, ಹಾಗಾದ್ರೆ ನೀನು ಇರೋದೆಲ್ಲಿ? ನಿನ್ನ ಮನೆ ವಿಳಾಸ ಹೇಳು ನೋಡೋಣ.”

ನನ್ನ ವಿಳಾಸ ನಿನಗೆ ಗೊತ್ತಿಲ್ಲದ್ದೇ? ಹುಣಸೆಮರ ಇದ್ದಲ್ಲಿಂದ ಎರಡು ಬೀದಿ ಸರೋವರದ ಕಡೆಗೆ, ಅರ್ಧ ಬೀದಿ ಮೇಲಕ್ಕೆ, ಸೂರ್ಯ ಹುಟ್ಟುವ ಕಡೆಗೆ. ಕರೆಂಟು ಬಿಲ್ಲಿನಲ್ಲಿರುವುದೂ ಅದೇ, ಅಮ್ಮನ ಮರಣ ಪ್ರಮಾಣಪತ್ರದಲ್ಲಿರುವುದೂ ಅದೇ. ಈ ಊರಿನಲ್ಲಿ ಯಾವ ಬೀದಿಗೆ ಹೆಸರಿದೆ, ಯಾವ ಮನೆಗೆ ನಂಬರಿದೆ? ಇಲ್ಲದ ಮರ, ಬಿದ್ದುಹೋದ ಸಿನಿಮಾ ಮಂದಿರ, ಮುಚ್ಚಿದ ಕಾರ್ಖಾನೆ, ಇವುಗಳಿಂದಲೇ ಹೆಜ್ಜೆ ಅಳೆದುಕೊಂಡು ಬದುಕುತ್ತಿದ್ದೇವೆ. ಅಷ್ಟಾದರೂ ನಿಯಮ ನಿಯಮವೇ ಎಂದುಬಿಟ್ಟೆ. ನೀನು ಟೋಪಿ ತೆಗೆದುಕೊಂಡು ಹೋದೆ.

ಹಳೆಯ ನೆನಪಿಗೆ ಪೆಟ್ಟಾಯಿತೆಂದು ನಿನಗೆ ಸಿಟ್ಟು ಬಂದಿದೆ, ಇಳಿಯುತ್ತದೆ ಎಂದುಕೊಂಡಿದ್ದೆ. ಮೊನ್ನೆ ನೂಬಿಯಾ ಬಟ್ಟೆಯ ಅಂಚು ಮಡಿಸಲು ಕೊಡುವ ನೆಪದಲ್ಲಿ ಬಂದು ನನ್ನ ಎದುರು ಕೂತಳು.

“ಅತ್ತಿಗೆ, ಅವ್ರು ಮರಕ್ಕೋಸ್ಕರ ಮಾಡಿದ್ದಲ್ಲ ಅದು. ನಿಮಗೋಸ್ಕರ.”

ಕಳೆದ ವರ್ಷ ಈಸ್ಟರಿನ ಸೆಕೆಯಲ್ಲಿ, ಮಂಗಳವಾರ ಮಧ್ಯಾಹ್ನ, ನಾನು ಎದೆ ಹಿಡಿದುಕೊಂಡು ಹೊಲಿಗೆ ಯಂತ್ರದ ಮೇಲೆ ಕವುಚಿ ಬಿದ್ದೆನಲ್ಲ, ಆ ದಿನದ ಮಾತು. ನೀನು ಆಂಬುಲೆನ್ಸಿಗೆ ಫೋನ್ ಮಾಡಿ ವಿಳಾಸ ಹೇಳಿದೆಯಂತೆ. ಗಾಡಿ ಓಡಿಸುತ್ತಿದ್ದವನು ಹೊಸಬ, ಮರ ಕಡಿದ ಮೇಲೆ ಹುಟ್ಟಿದವನು. ಎರಡು ಸಲ ಮೂಲೆ ದಾಟಿ ಹೋಗಿ ಅವನೇ ಫೋನ್ ಮಾಡಿದನಂತೆ: “ತಾತ, ಯಾವ ಹುಣಸೆಮರ? ಇಲ್ಲಿ ಮರಾನೇ ಇಲ್ಲ. ಹತ್ರದಲ್ಲಿ ಆಟದ ನಿಲ್ದಾಣ ಯಾವುದಾದ್ರೂ ಇದ್ರೆ ಹೇಳಿ, ಅದಾದ್ರೆ ನಂಗೊತ್ತು.” ಹತ್ತಿರದಲ್ಲಿ ಯಾವುದೂ ಇರಲಿಲ್ಲ. ನೀನು ನನ್ನನ್ನು ನೂಬಿಯಾಳ ತೊಡೆಯ ಮೇಲೆ ಮಲಗಿಸಿ, ಮೂಲೆಗೆ ಓಡಿ, ಅಂಗಿ ಬಿಚ್ಚಿ ಗಾಳಿಯಲ್ಲಿ ಬೀಸುತ್ತ ನಿಂತೆಯಂತೆ. ಇನ್ನೊಮ್ಮೆ ಹಾಗಾದರೆ ಗಾಡಿಗೆ ದಾರಿ ಸಿಗಲೆಂದೇ ಆ ಮೂಲೆಯನ್ನು ನಿಲ್ದಾಣ ಮಾಡಿಸಲು ಹೊರಟೆಯಂತೆ.

ಇದು ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದುದು, ಕಣ್ಣು ಬಿಟ್ಟಾಗ ನರ್ಸುಗಳ ನಡುವೆ ನನ್ನ ತಮ್ಮ ಬರೀ ಬನಿಯನ್ನಿನಲ್ಲಿ ನಿಂತಿದ್ದ ಎಂಬುದಷ್ಟೇ. ವರ್ಷವಿಡೀ ಅದನ್ನೇ ಹೇಳಿಕೊಂಡು ನಕ್ಕೆ. ನೆಂಟರ ಮುಂದೆ ನಕ್ಕೆ, ಪಾದ್ರಿಗಳ ಮುಂದೆಯೂ ನಕ್ಕೆ. ನೀನು ಒಂದು ಸಲವೂ ಅಂಗಿಯ ಕಥೆ ಹೇಳಲಿಲ್ಲ.

ಎವೇಲಿಯೊ, ಈಗ ಹೇಳುವುದನ್ನು ಸಿಟ್ಟು ಮಾಡಿಕೊಳ್ಳದೆ ಓದು. ಇವತ್ತು ಅದೇ ಚಿತ್ರ ಬಂದರೂ ನಾನು ಇಲ್ಲ ಎಂದೇ ಒತ್ತುತ್ತೇನೆ. ಇಲ್ಲದ್ದನ್ನು ಇದೆ ಎಂದರೆ, ಅದನ್ನು ನಂಬಿ ಬಂದವರು ಆ ಹುಡುಗನ ಹಾಗೆಯೇ ಮೂಲೆ ಸುತ್ತುತ್ತಾರೆ. ಇನ್ನೊಂದು ಹೇಳಲೇ? ಆ ಮರ ಇವತ್ತು ತುಂಬ ಕಾಯಿ ಬಿಟ್ಟು ನಿಂತಿದ್ದರೂ ಅದು ಪಾಸಾಗುತ್ತಿರಲಿಲ್ಲ. ಬರೀ ಮರ ಸಾಲದು, ಅದರ ಕಥೆ ಹೇಳುವ ಫಲಕ ಬೇಕು ಎನ್ನುತ್ತದೆ ನಿಯಮ. ನನ್ನ ಉತ್ತರದಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಆಮೇಲೆ. ನಿನ್ನ ಬರಹ ಎಂದು ಗೊತ್ತಾದ ಕ್ಷಣವೇ ಫೋನ್ ಕೆಳಗಿಟ್ಟು ಮೂರು ಬೀದಿ ನಡೆದು ಬಂದು, ಯಾಕೋ ತಮ್ಮ, ಇದು ಯಾತಕ್ಕೆ ಬೇಕು ನಿನಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಕಾರಂಜಿಗೆ ಹೋದೆ. ಅದಕ್ಕೆ ನನ್ನನ್ನು ಕ್ಷಮಿಸು.

ನೂಬಿಯಾ ಹೋದ ಮೇಲೆ ಮನಸ್ಸು ನಿಲ್ಲಲಿಲ್ಲ. ಮೂಲೆಗೆ ಹೋಗಿ ಔಷಧದಂಗಡಿಯ ದೋನ್ಯಾ ಮೆಲ್ಬಾಗೆ ಎಲ್ಲ ಹೇಳಿದೆ. ಎದುರಿನ ಟೈರ್ ಪಂಕ್ಚರ್ ಅಂಗಡಿಯ ದೋನ್ ಸಿಲ್ವಿಯೊ ಕೂಡ ಕೈ ಒರೆಸಿಕೊಂಡು ಬಂದ. ಫಲಕ ಹಾಕಿಸೋಣ ಎಂದಾಗ ಯಾರೂ ಬೇಡ ಎನ್ನಲಿಲ್ಲ. ಆಟಕ್ಕೆಂದೇ ಹಾಕಿದರೆ ಅದೂ ಮೋಸವೇ. ಆಟವಿಲ್ಲದಿದ್ದರೂ ಇದು ನಮಗೆ ಬೇಕು. ಮೆಲ್ಬಾಳ ಔಷಧ ತರುವವನು ಪ್ರತಿ ಸಲ ದಾರಿ ತಪ್ಪುತ್ತಾನಂತೆ. ಬೋರ್ಡು ಬರೆಯುವ ಯಾದೆರ್ ಮರುದಿನವೇ ತಗಡು, ಬಣ್ಣ ತಂದ. ಹುಣಸೆಮರ ಇಲ್ಲಿತ್ತು ಎಂದು ದೊಡ್ಡದಾಗಿ, ಕೆಳಗೆ ನಿನ್ನ ಆ ಸಾಲುಗಳು. ನಾನು ಅವನ್ನು ನೆನಪಿನಿಂದ ಹೇಳಿ ಬರೆಸಿದೆ.

ಜಗಳ ಶುರುವಾದದ್ದು ಗುಂಡಿ ತೋಡುವಾಗ. ಮರ ತನ್ನ ಬಾಗಿಲ ಪಕ್ಕದಲ್ಲೇ ಇತ್ತು, ಮಧ್ಯಾಹ್ನವೆಲ್ಲ ಅಂಗಡಿಗೆ ನೆರಳು ಬೀಳುತ್ತಿತ್ತು ಎಂದಳು ಮೆಲ್ಬಾ. ಸಿಲ್ವಿಯೊ ಬಿಡುತ್ತಾನೆಯೇ?

“ನಿಮ್ಮಂಗಡಿ ಬಂದಿದ್ದೇ ಮರ ಹೋದ್ಮೇಲೆ, ದೋನ್ಯಾ. ಯಾವ ಮರದ ನೆರಳಲ್ಲಿ ಕೂತಿದ್ರೋ ನೀವು?”

ಅವನ ಪ್ರಕಾರ ಮರ ಇದ್ದದ್ದು ಅವನ ಗಾಳಿ ತುಂಬುವ ಯಂತ್ರದ ಜಾಗದಲ್ಲಿ. ನನ್ನ ಪ್ರಕಾರ ಅದು ಈಗ ಬಸ್ಸು ಓಡಾಡುವ ರಸ್ತೆಯೊಳಗೇ ಸೇರಿಹೋಗಿದೆ. ಯಾದೆರ್ ಹಾರೆ ಹಿಡಿದು ನಿಂತು ನಿಂತು ಬೇಸತ್ತ.

“ನೀವು ಮೂರು ಜನ ಮೂರು ಮರ ಹೇಳ್ತಿದೀರಿ. ನನ್ ಹತ್ರ ಇರೋದು ಒಂದೇ ಫಲಕ. ಸರಿಯಾಗಿ ಗೊತ್ತಿರೋರು ಯಾರೂ ಇಲ್ವಾ ಈ ಬೀದೀಲಿ?”

ಮೂವರೂ ಒಟ್ಟಿಗೇ ನಿನ್ನ ಹೆಸರು ಹೇಳಿದೆವು.

ಒಂಬತ್ತನೇ ವಯಸ್ಸಿನಲ್ಲಿ ಅದರಿಂದ ಬಿದ್ದು ಕೈ ಮುರಿದುಕೊಂಡವನು ನೀನು. ಮೊದಲು ಬಸ್ಸಿನ ಬಾಗಿಲಲ್ಲಿ ನೇತಾಡುತ್ತ, ಆಮೇಲೆ ಚಕ್ರ ಹಿಡಿದು, ಇಪ್ಪತ್ತೆಂಟು ವರ್ಷ ಅದೇ ಮೂಲೆಯಲ್ಲಿ ಜನರನ್ನು ಇಳಿಸಿದವನು. ಮರ ಕಡಿದ ಮಾರನೆಯ ದಿನವೂ ನೀನು ಬಸ್ಸನ್ನು ಒಂದು ಗೇಣು ಆಚೀಚೆ ನಿಲ್ಲಿಸಲಿಲ್ಲ. ಫಲಕ ಈಗ ಮೆಲ್ಬಾಳ ಅಂಗಡಿಯೊಳಗೆ ಗೋಡೆಗೆ ಒರಗಿದೆ, ಬಣ್ಣ ಒಣಗಿದೆ. ಅದು ಎಲ್ಲಿ ನಿಲ್ಲಬೇಕೆಂದು ಹೇಳಬಲ್ಲವನು ನೀನೊಬ್ಬನೇ.

ನಾಳೆ ಬೆಳಿಗ್ಗೆ ಆರಕ್ಕೆ ನಾವೆಲ್ಲ ಮೂಲೆಯಲ್ಲಿರುತ್ತೇವೆ. ಊದಿದ ಪಾದಕ್ಕೆ ಸಡಿಲ ಚಪ್ಪಲಿ ಹಾಕಿಕೊಂಡು ನಿಧಾನ ಬಾ. ನನ್ನ ಹತ್ತಿರ ಮಾತಾಡಲು ಮನಸ್ಸಿಲ್ಲದಿದ್ದರೆ ಮಾತಾಡಬೇಡ. ಮರ ಇದ್ದ ಕಡೆ ಹೋಗಿ ಸುಮ್ಮನೆ ನಿಂತುಕೋ. ನೀನು ನಿಂತಲ್ಲಿ ಯಾದೆರ್ ಸುಣ್ಣದ ಗೆರೆ ಎಳೆದು ಗುಂಡಿ ತೋಡುತ್ತಾನೆ. ರಸ್ತೆಯ ನಡುವೆ ನಿಂತೆಯಾದರೆ ಅದಕ್ಕೂ ಏನಾದರೂ ದಾರಿ ಹುಡುಕೋಣ, ಬಸ್ಸು ಬರುವ ಮೊದಲು. ಚಿತ್ರವನ್ನು ನೀನೇ ತೆಗೆ, ನೀನೇ ಕಳಿಸು. ಪರಿಶೀಲನೆಗೆ ಅದು ನನ್ನ ಮುಂದೆ ಬಂದರೆ ನಾನು ಹೌದೂ ಒತ್ತುವುದಿಲ್ಲ, ಇಲ್ಲವೂ ಒತ್ತುವುದಿಲ್ಲ. ಸ್ವಂತ ತಮ್ಮನದ್ದು, ಉತ್ತರ ಕೊಡದೆ ಬಿಟ್ಟು ಮುಂದೆ ಹೋಗುತ್ತೇನೆ. ನಮ್ಮನ್ನು ಕಂಡರಿಯದ ಯಾರಾದರೂ ನೋಡಲಿ. ಈ ಸಲ ಅವರ ಕಣ್ಣಿಗೆ ಏನಾದರೂ ಕಾಣುತ್ತದೆ.

ನಿನ್ನ ಕಾಲಿಗೆ ಬಲ ಬರಲಿ, ನಿನ್ನ ಮನಸ್ಸು ಹಗುರಾಗಲಿ, ದೇವರು ನಿನ್ನನ್ನು ನನಗಿಂತ ಹೆಚ್ಚು ಕಾಲ ಇಟ್ಟಿರಲಿ.

ದಾರಿ ಕಾಯುವ ನಿನ್ನ ಅಕ್ಕ,
ಎರ್ಲಿಂಡಾ